ಗ್ಯಾಸ್ಕೆಟ್ ಸೋರಿದ್ರೆ ಕುಕ್ಕರ್ ಕೂಗಲ್ಲ

ಕುಕ್ಕರ್ ಕೂಗ್ಲಿಲ್ಲ ಅಂದ್ರೆ ನಾನು ಮೊದ್ಲು ನೋಡೋದೇ ಗ್ಯಾಸ್ಕೆಟ್ಟನ್ನ. ಪಕ್ಕದಿಂದ ಆವಿ ಸೋರ್ತಿದ್ರೆ ವಿಷಲ್ ಎಲ್ಲಿಂದ ಬರ್ಬೇಕು? ಇಷ್ಟು ಗೊತ್ತಿದ್ದ ನಾನೇ ತಂಗಿ ವಿಷಯದಲ್ಲಿ ಮೋಸ ಹೋದೆ ಕಣ್ರೀ.

ಅವಳಿರೋದು ವಿಜಯನಗರದಲ್ಲಿ. ಮೆಟ್ರೋ ಸ್ಟೇಷನ್ ಮೆಟ್ಟಿಲು ಅರ್ಧ ಹತ್ತೋದ್ರೊಳಗೆ ಏದುಸಿರು ಬಿಟ್ಟು ನಿಂತ್ಬಿಡೋಳು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು, "ಸಣ್ಣದಾಗಿ ಮರ್ಮರ್ ಕೇಳಿಸ್ತಿದೆ, ಎಕೋ ಮಾಡಿಸಿಬಿಡಿ" ಅಂದ್ರು. ಮರ್ಮರ್ ಅಂದ್ರೆ ಲಬ್-ಡಬ್ ಜೊತೆ ಕೇಳೋ ಬುಸ್ ಅನ್ನೋ ಸದ್ದು. "ಸಣ್ಣ ಸದ್ದು ತಾನೆ, ಮೊದ್ಲು ತೂಕ ಇಳಿಸು" ಅಂದವಳು ನಾನೇ. ಎಂಟು ತಿಂಗಳು ಹಾಗೇ ಕಳೀತು. ದೀಪಾವಳಿಗೆ ಬಂದಾಗ ಅವಳ ಪಾದ ಊದಿ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ತೆಗೆಯೋವಾಗ ನನ್ನ ಕೈ ನಡುಗ್ತಿತ್ತು.

ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಎಕೋದಲ್ಲಿ ಕಂಡಿದ್ದು ಒಂದಲ್ಲ, ಎರಡು. ಹೃದಯದ ಮೇಲಿನ ಎರಡು ಕೋಣೆ ನಡುವಿನ ಗೋಡೇಲಿ ಹುಟ್ಟಿದಾಗಿಂದ ಇದ್ದ ತೂತು. ಜೊತೆಗೆ ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಗಂಟಲು ನೋವಿನ ಹಿಂದೆಯೇ ಜ್ವರ, ಕೀಲು ಊತ ಬಂದಿತ್ತು. ಆ ರುಮ್ಯಾಟಿಕ್ ಜ್ವರವೇ ಕವಾಟ ಕೆಡಿಸಿದ್ದು. ಈ ಜೋಡಿಗೆ ಲುಟೆಂಬಾಕರ್ ಸಿಂಡ್ರೋಮ್ ಅಂತಾರೆ, 1916ರಲ್ಲಿ ಇದನ್ನ ವಿವರಿಸಿದ ಫ್ರಾನ್ಸಿನ ವೈದ್ಯರ ಹೆಸರು.

ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವಾಗ ಗುಡುಗುಡು ಸದ್ದು ಬರ್ಬೇಕು. ಇವಳಿಗೆ ರಕ್ತ ತೂತಿನಿಂದ ಬಲಗಡೆಗೆ ಸೋರ್ತಿತ್ತು. ಕವಾಟದಲ್ಲಿ ಒತ್ತಡ ಕಡಿಮೆ, ಸದ್ದೂ ಕಡಿಮೆ. ಅದೇ ನಮ್ಮ ಗ್ಯಾಸ್ಕೆಟ್ ಕಥೆ! ಕೇಳಿಸಿದ ಆ ಸಣ್ಣ ಸದ್ದೂ ತೂತಿನದಲ್ಲ. ಬಲಗಡೆ ಹೆಚ್ಚಾದ ರಕ್ತ ಶ್ವಾಸಕೋಶದ ಕಡೆ ಕವಾಟ ದಾಟುವಾಗ ಬರೋದು.

"ತೂತೊಂದು ಮುಚ್ಚಿದ್ರೆ ಸಾಲ್ದಾ?" ಅಂತ ಕೇಳ್ದೆ. ಕವಾಟ ಸರಿ ಮಾಡದೆ ಮುಚ್ಚಿದ್ರೆ ಒತ್ತಡವೆಲ್ಲ ಹಿಂದಕ್ಕೆ ಶ್ವಾಸಕೋಶಕ್ಕೆ ಹೋಗುತ್ತೆ ಅಂದ್ರು. ಒಂದೇ ಆಪರೇಷನ್ನಲ್ಲಿ ಕವಾಟ ಬದಲಾಯಿಸಿ ತೂತನ್ನೂ ಮುಚ್ಚಿದ್ರು. ಈಗ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ, ಆಗಾಗ ರಕ್ತ ಪರೀಕ್ಷೆ ಇದ್ದೇ ಇದೆ.

ಮಕ್ಕಳಿಗೆ ಗಂಟಲು ನೋವಾಗಿ ಆಮೇಲೆ ಕೀಲು ಊದಿಕೊಂಡ್ರೆ ಕಷಾಯ ಕೊಟ್ಟು ಸುಮ್ನಾಗ್ಬೇಡಿ, ಡಾಕ್ಟರಿಗೆ ತೋರಿಸಿ. ಎಕೋ ಮಾಡ್ಸಿ ಅಂದ್ರೆ, ಸದ್ದು ಸಣ್ಣದು ಅಂತ ಮುಂದೂಡ್ಬೇಡಿ. ಸದ್ದಿನ ಮೇಲೆ ರೋಗದ ಅಳತೆ ಸಿಗಲ್ಲ.

ಮೊನ್ನೆ ಬಂದಿದ್ಲು. ಆ ಕಾಲುಂಗುರ ಈಗ ಸಡಿಲವಂತೆ. ದಾರ ಸುತ್ತಿ ಹಾಕ್ಕೊಂಡಿದ್ದಾಳೆ.