ಕೀಲಿಕೈ ಯಾರ ಸೆರಗಿನಲ್ಲಿ?

ಕೀಲಿಕೈ ಗೊಂಚಲು ಯಾರ ಸೆರಗಿನ ತುದಿಯಲ್ಲಿದೆಯೋ ಆಕೆಯೇ ಮನೆಯ ಯಜಮಾನಿ ಎಂದು ಹಿಂದಿನವರು ತಿಳಿದಿದ್ದರು. ಅತ್ತೆಯ ಸೆರಗಿನಿಂದ ಸೊಸೆಯ ಸೆರಗಿಗೆ ಆ ಗೊಂಚಲು ದಾಟಬೇಕಾದರೆ ಹತ್ತಿಪ್ಪತ್ತು ವರ್ಷ ಹಿಡಿಯುತ್ತಿತ್ತು. ಈಗ ಆ ಉಗ್ರಾಣವೂ ಇಲ್ಲ, ಗೊಂಚಲೂ ಇಲ್ಲ. ಹಾಗೆಂದು ಕೀಲಿಗಳು ಹೋಗಿಲ್ಲ; ಕಣ್ಣಿಗೆ ಕಾಣದಂತೆ ಯಂತ್ರಗಳ ಹೊಟ್ಟೆಯೊಳಗೆ ಸೇರಿಕೊಂಡಿವೆ. ಮನೆಯಲ್ಲಿ ಒಂದು ಯಂತ್ರ ನಿಂತಿತೆಂದರೆ ನಾವು ಹೆಂಗಸರು, "ಅದು ನಮಗ ತಿಳಿಯೂದಿಲ್ಲ, ಅವರು ಬರಲಿ" ಎಂದು ಕೈತೊಳೆದುಕೊಳ್ಳುತ್ತೇವೆ. ಹೇಳುವವರಿಗೂ ಅದು ರೂಢಿಯಾಗಿದೆ, ಕೇಳುವವರಿಗೂ ಅನುಕೂಲವಾಗಿದೆ.

ನನ್ನ ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿದೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಗ್ಯಾದರಿಂಗಿನ ನಾಟಕ ಎಲ್ಲಕ್ಕೂ ಅದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣೆಯ ವ್ಯವಸ್ಥೆ ಇರಬೇಕಂತೆ, ನನ್ನದರಲ್ಲಿ ಇಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದರೆ ಅಲ್ಲಿಯ ಹುಡುಗ ಮುಚ್ಚಳ ಕೂಡ ತೆಗೆಯದೆ, "ಗುಜರಿಗೆ ಹಾಕ್ರಿ ಮೇಡಂ, ಹೊಸಾದು ತಗೋರಿ" ಎಂದ. ಕೀಲಿಮಣೆಯ ಒಂದು ಅಕ್ಷರವೂ ಕಿತ್ತಿಲ್ಲ, ಪರದೆ ಸ್ವಚ್ಛವಾಗಿದೆ, ಗುಜರಿಗೆ ಏಕೆ ಹಾಕಲಿ ಎಂದರೆ ಅವನಲ್ಲಿ ಉತ್ತರವಿಲ್ಲ.

ಹಟ ಹಿಡಿಯಲು ನನಗೆ ಇನ್ನೊಂದು ಕಾರಣವಿತ್ತು. ಈಗ ಬರುವ ತೆಳು ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ತಟ್ಟೆಯೇ ಇರುವುದಿಲ್ಲ. ನನ್ನ ಹಳೆಯದರಲ್ಲಿದೆ. ಟಿವಿಯ ಪಕ್ಕದಲ್ಲಿದ್ದ ಪ್ಲೇಯರ್ ಕೆಟ್ಟು ಎಷ್ಟೋ ಕಾಲವಾಯಿತು. ದುರ್ಗದಬೈಲಿಗೆ ಸಂತೆಗೆ ಹೋದಾಗಲೆಲ್ಲ, ಸಂಬಳದಲ್ಲಿ ಉಳಿಸಿಕೊಂಡು, ಒಂದೊಂದಾಗಿ ಕೊಂಡುತಂದ ಹಳೆಯ ಕನ್ನಡ ಸಿನಿಮಾಗಳ ವಿಸಿಡಿ, ಡಿವಿಡಿಗಳು ಒಂದು ಟ್ರಂಕಿನ ತುಂಬ ಇವೆ. ಲ್ಯಾಪ್‌ಟಾಪ್ ಗುಜರಿಗೆ ಹೋದರೆ ಆ ಟ್ರಂಕೂ ಹೋದಂತೆಯೇ.

"ಈಗ ಎಲ್ಲಾ ಮೊಬೈಲಿನಾಗ ಸಿಗತಾವಲ್ಲ" ಎಂದು ನಮ್ಮ ಮನೆಯವರು ಅಂದರು. ಸಿಗುತ್ತವೆ, ನಿಜ. ಆದರೆ ಕಲ್ಪನಾ ಕಣ್ಣು ತುಂಬಿಕೊಂಡು ನಿಂತಿರುವಾಗ ನಡುವೆ ಬಟ್ಟೆ ಸೋಪಿನ ಜಾಹೀರಾತು ಕುಣಿದು ಬರುತ್ತದೆ. ಅಷ್ಟರಲ್ಲಿ ನಮ್ಮ ಅಳು ಒಣಗಿರುತ್ತದೆ. ಇವತ್ತು ಇದ್ದ ಸಿನಿಮಾ ನಾಳೆ ಹುಡುಕಿದರೆ ಮಾಯವಾಗಿರುವುದೂ ಉಂಟು. ನಮ್ಮ ಟ್ರಂಕಿನಲ್ಲಿದ್ದದ್ದು ಹಾಗೆ ಮಾಯವಾಗುವುದಿಲ್ಲ.

ಆ ಟ್ರಂಕಿನಲ್ಲಿ ಏನೇನಿದೆ ಎಂದು ಹೇಳಿದರೆ ನನ್ನ ಓರಗೆಯ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತದೆ. ಪುಟ್ಟಣ್ಣ ಕಣಗಾಲರ ಬೆಳ್ಳಿಮೋಡ (1967), ಗೆಜ್ಜೆಪೂಜೆ (1969), ಶರಪಂಜರ (1971), ನಾಗರಹಾವು (1972). ಮೊದಲಿನ ಮೂರೂ ಹೆಣ್ಣುಮಕ್ಕಳು ಬರೆದ ಕಾದಂಬರಿಗಳಿಂದ ಬಂದವು. ಬೆಳ್ಳಿಮೋಡ, ಶರಪಂಜರ ತ್ರಿವೇಣಿಯವರವು, ಗೆಜ್ಜೆಪೂಜೆ ಎಂ. ಕೆ. ಇಂದಿರಾ ಅವರದು. ತ್ರಿವೇಣಿ 1963ರಲ್ಲಿಯೇ ತೀರಿಕೊಂಡರು. ತಮ್ಮ ಇಂದಿರಾ, ಕಾವೇರಿ ತೆರೆಯ ಮೇಲೆ ಓಡಾಡಿದ್ದನ್ನು ಆ ತಾಯಿ ನೋಡಲಿಲ್ಲ. ನಾನು ಇವುಗಳಲ್ಲಿ ಕೆಲವನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ. ಓಣಿಗೆ ಒಂದೇ ಟಿವಿ. ಪಡಸಾಲೆಯ ತುಂಬ ಜನ, ಬಾಗಿಲಾಚೆ ಚಪ್ಪಲಿ ರಾಶಿ.

ಬಹಳ ವರ್ಷಗಳ ಮೇಲೆ ಮತ್ತೆ ಮತ್ತೆ ನೋಡಿದಾಗ ಒಂದು ಮಾತು ಹೊಳೆಯಿತು. ಈ ಕಥೆಗಳಲ್ಲೆಲ್ಲ ಒಬ್ಬರ ಬಾಳಿನ ತೀರ್ಮಾನ ಇನ್ನೊಬ್ಬರ ಕೈಯಲ್ಲಿರುತ್ತದೆ. ಗೆಜ್ಜೆಪೂಜೆಯ ಚಂದ್ರಾ ಎಲ್ಲರಂತೆ ಸಂಸಾರ ಮಾಡಬೇಕೆನ್ನುತ್ತಾಳೆ, ಸುತ್ತಲಿನವರು ಬಿಡುವುದಿಲ್ಲ. ಶರಪಂಜರದ ಕಾವೇರಿ ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಅವಳ ಮಾತಿಗೆ, ಅವಳ ಕೈಯ ಅಡಿಗೆಗೆ ಯಾರೂ ಬೆಲೆ ಕೊಡುವುದಿಲ್ಲ. ನಾಗರಹಾವಿನ ಚಾಮಯ್ಯ ಮೇಷ್ಟ್ರಂತೂ ನಮ್ಮ ವೃತ್ತಿಯವರು. ಅಶ್ವತ್ಥ್ ಅವರನ್ನು ಆ ಪಾತ್ರದಲ್ಲಿ ನೋಡಿದ ಯಾವ ಶಿಕ್ಷಕರಿಗೆ ಹೆಮ್ಮೆಯಾಗಿಲ್ಲ? ಆದರೆ ಶಿಷ್ಯನ ಮೇಲಿನ ಪ್ರೀತಿಯಿಂದಲೇ ಅವರು ರಾಮಾಚಾರಿಯ ಬಾಳಿನ ತೀರ್ಮಾನವನ್ನು ತಾವೇ ಮಾಡಿಬಿಡುತ್ತಾರೆ. ಎಲ್ಲರ ನಡುವೆ ಬೆಳ್ಳಿಮೋಡದ ಇಂದಿರಾ ಒಬ್ಬಳೇ, ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟವನು ಮತ್ತೆ ಕೈ ಚಾಚಿದಾಗ, ಬೇಡವೆನ್ನುತ್ತಾಳೆ. ಸಣ್ಣವಳಿದ್ದಾಗ ನನಗೆ ಅದು ದುಃಖಾಂತವೆನಿಸಿತ್ತು, ಈಗ ಹಾಗೆನಿಸುವುದಿಲ್ಲ.

ಯಂತ್ರದ ಮಾತಿಗೆ ಬರೋಣ. ನನ್ನಲ್ಲಿ ಕನ್ನಡ ಕಲಿತು ಈಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಮನೆಗೆ ಬಂದಿದ್ದಾಗ ಲಿನಕ್ಸ್ ಹಾಕಿರೆಂದಳು. ಲೈನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ 1991ರಲ್ಲಿ ಹೆಲ್ಸಿಂಕಿಯಲ್ಲಿ ಅದರ ತಿರುಳನ್ನು ಬರೆದನಂತೆ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವಂತೆ, ಬಿಚ್ಚಿ ನೋಡುವಂತೆ, ತಿದ್ದುವಂತೆ, ಹಂಚುವಂತೆ ಇರಬೇಕೆಂದು ಕೆಲಸ ಶುರುಮಾಡಿದ್ದರು. ಎರಡೂ ಕೂಡಿ ಲೋಕದ ತುಂಬ ಹರಡಿದವು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಇದರಲ್ಲಿಯೇ ಕಲಿಯುತ್ತಿದ್ದಾರೆ. "ಅಕ್ಕೋರ, ನಾನ ಹಾಕಿಕೊಡ್ತೀನ್ರಿ" ಎಂದಳು. "ಬ್ಯಾಡವ್ವಾ, ನೀ ಹೇಳು, ನಾ ಮಾಡ್ತೀನಿ" ಎಂದೆ. ಅವಳಿಗೆ ನಗು ಬಂತು. ನನಗೆ ಎರಡು ಭಾನುವಾರ ಹಿಡಿಯಿತು.

ಮೊದಲು ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ತುಂಬಬೇಕು. ಸುಮ್ಮನೆ ನಕಲು ಮಾಡಿದರೆ ನಡೆಯದು. ಅದಕ್ಕೆಂದೇ ಇರುವ ತಂತ್ರಾಂಶದಿಂದ ಬರೆಯಬೇಕು. ಅಷ್ಟಾದ ಮೇಲೆ ಯಂತ್ರ ಎಚ್ಚರಗೊಳ್ಳುವ ಕ್ಷಣದಲ್ಲಿ ಸರಿಯಾದ ಗುಂಡಿ ಒತ್ತಬೇಕು. ಯಾವುದು ಆ ಗುಂಡಿ? ಒಂದು ತಯಾರಿಕೆಯಲ್ಲಿ ಎಫ್2, ಇನ್ನೊಂದರಲ್ಲಿ ಎಫ್12, ಮತ್ತೊಂದರಲ್ಲಿ ಎಸ್ಕೇಪ್. ಅದು ಕಣ್ಣು ಬಿಡುವ ಎರಡು ಸೆಕೆಂಡಿನೊಳಗೆ ಒತ್ತಬೇಕು, ಇಲ್ಲವಾದರೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಹಾಲು ಉಕ್ಕುವ ಹೊತ್ತಿಗೆ ಒಲೆಯ ಮುಂದೆ ನಿಂತು ರೂಢಿಯಿದ್ದವರಿಗೆ ಇದು ಹೊಸದಲ್ಲ ಬಿಡಿ.

ಒಂದು ಸೌಜನ್ಯ ಮಾತ್ರ ಮೆಚ್ಚಬೇಕಾದ್ದು. ಯಂತ್ರದೊಳಗೆ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಸೀರೆ ಕೊಳ್ಳುವ ಮೊದಲು ಅಂಗಡಿಯ ಕನ್ನಡಿಯ ಮುಂದೆ ಹೆಗಲ ಮೇಲೆ ಹಾಕಿಕೊಂಡು ನೋಡಿದ ಹಾಗೆ. ನೋಡಿದೆ, ಒಪ್ಪಿತು. ಮಕ್ಕಳ ಅಂಕಪಟ್ಟಿ, ಮನೆಯ ಫೋಟೋ ಎಲ್ಲ ಬೇರೆ ಕಡೆ ಇಟ್ಟುಕೊಂಡು ಮುಂದುವರಿದೆ. ನಿಮ್ಮ ಊರು ಯಾವುದೆಂದು ಭೂಪಟ ತೋರಿಸಿ ಕೇಳಿತು. ಹುಬ್ಬಳ್ಳಿ ಎಲ್ಲಿ ಬರಬೇಕು? ಇಡೀ ಭಾರತಕ್ಕೆ ಅದರ ಗಡಿಯಾರದಲ್ಲಿ ಕೋಲ್ಕತಾ ಒಂದೇ ಹೆಸರು. ಗೋಪನಕೊಪ್ಪದಲ್ಲಿ ಕುಳಿತೇ ಬಂಗಾಳದವಳಾದೆ.

ಎಲ್ಲ ಮುಗಿದು ಹೊಸ ಪರದೆ ಬಂದಾಗ ವೈಫೈ ಇಲ್ಲ. ಒಳಗಿನ ಆ ಬಿಡಿಭಾಗವನ್ನು ನಡೆಸುವ ಸಣ್ಣ ತಂತ್ರಾಂಶ, ಡ್ರೈವರ್ ಎನ್ನುತ್ತಾರಲ್ಲ, ಅದನ್ನು ಇಂಟರ್‌ನೆಟ್‌ನಿಂದ ತರಿಸಬೇಕು. ಇಂಟರ್‌ನೆಟ್ ಬೇಕೆಂದರೆ ವೈಫೈ ಬೇಕು! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಕೊನೆಗೆ ಮೊಬೈಲನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಇಂಟರ್‌ನೆಟ್ ಸಾಲ ಪಡೆದು ಅದನ್ನು ತರಿಸಿದೆ. ಅದಕ್ಕೊಂದು ಕಪ್ಪು ಕಿಟಕಿ ತೆರೆದು ಆಜ್ಞೆ ಬರೆಯಬೇಕು. ಪಾಸ್‌ವರ್ಡ್ ಕೇಳುತ್ತದೆ, ಬರೆದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದೀರಿ, ಸುಣ್ಣದಕಡ್ಡಿ ಗುರುತು ಬೀಳುತ್ತಿಲ್ಲ ಎಂದುಕೊಳ್ಳಿ, ಹಾಗೆ. ಹಿಂದೆ ನಿಂತವರು ಅಕ್ಷರ ಎಣಿಸಬಾರದೆಂದು ಮಾಡಿದ ಏರ್ಪಾಡಂತೆ. ಅದನ್ನು ಮೊದಲೇ ಒಂದು ಸಾಲಿನಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕನ್ನಡದ ವಿಷಯದಲ್ಲಿ ಸುಖದುಃಖ ಎರಡೂ ಇತ್ತು. ಕೀಲಿಮಣೆಯ ಪಟ್ಟಿಯಲ್ಲಿ ಸರ್ಕಾರದ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ಎಂಬ ಹೆಸರು ಕಂಡಾಗ ತವರಿನವರು ಸಿಕ್ಕಂತಾಯಿತು. ಕನ್ನಡ ಗಣಕ ಪರಿಷತ್ತಿನ ಅದೇ ಮಣೆಯನ್ನು ನಾವು ನುಡಿಯಲ್ಲಿ ಕಲಿತವರು. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಅಕ್ಷರರೂಪಗಳೂ ಬಿಟ್ಟಿಯಾಗಿ ಸಿಗುತ್ತವೆ. ಆದರೆ ನುಡಿಯ ಹಳೆಯ ವಿಧಾನದಲ್ಲಿ ಬರೆದಿಟ್ಟ ಪ್ರಶ್ನೆಪತ್ರಿಕೆಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆಗಿನ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮೇಲೆ ಹಾಕಿದ ಕನ್ನಡದ ವೇಷ. ಆ ಅಕ್ಷರರೂಪ ಇಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ್ದಲ್ಲಿ ತಿದ್ದಿ ಸರಿಮಾಡುವುದರಲ್ಲಿ ನಾಲ್ಕು ರಾತ್ರಿ ಕಳೆದವು. ಹೋಗಲಿ, ಇನ್ನು ಯಾವ ಯಂತ್ರದಲ್ಲಿ ತೆರೆದರೂ ಅವು ಕನ್ನಡವಾಗಿಯೇ ಇರುತ್ತವೆ.

ನಮ್ಮ ಗೋಪನಕೊಪ್ಪದಿಂದ ಬೆಂಗೇರಿ ದೂರವಲ್ಲ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ದೇಶಕ್ಕೆ ಖಾದಿಯ ರಾಷ್ಟ್ರಧ್ವಜ ಹೊಲಿದುಕೊಡುವ ಜಾಗ ಅದು. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಖಾದಿ ಸೀರೆ ಉಟ್ಟವರಿಗೆ ಗೊತ್ತು, ಅದು ಗಿರಣಿಯ ಬಟ್ಟೆಯಂತೆ ಮಾತು ಕೇಳುವುದಿಲ್ಲ. ಗಂಜಿ ಹಾಕಬೇಕು, ಜಗ್ಗಿ ಒಣಗಿಸಬೇಕು, ನೆರಿಗೆ ಹಿಡಿಯಲು ಕೈ ಬಳಲಬೇಕು. ಆದರೂ ಅದನ್ನು ಬಯಸಿ ಉಟ್ಟ ಜನ ಇದ್ದರು. ನೂಲುವುದು ಕೈಗೆ ಬಂದವನು ಬಟ್ಟೆಗಾಗಿ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ ಎಂಬುದೇ ಅದರ ಅರ್ಥವಾಗಿತ್ತು. ಈ ಮುಕ್ತ ತಂತ್ರಾಂಶದ ಜಾತಿಯೂ ಅದೇ ಎಂದು ನನಗೆ ತೋರುತ್ತದೆ. ಬಿಟ್ಟಿ ಸಿಗುತ್ತದೆಂಬುದು ಸಣ್ಣ ಮಾತು. ಬೆವರು ಹರಿಸಿದ ಮೇಲೆ ಒಳಗೇನಿದೆ ಎಂದು ನಮಗೆ ಗೊತ್ತಾಗುತ್ತದೆ, ಅದು ದೊಡ್ಡದು.

ಇನ್ನು ಟ್ರಂಕು. ವಿಸಿಡಿಗಳು ಹಾಕಿದೊಡನೆ ಓಡಿದವು. ಒಂದು ತಟ್ಟೆಯಲ್ಲಿ 74ರಿಂದ 80 ನಿಮಿಷ ಮಾತ್ರ. ಅದು ಮುಗಿದಾಗ ಎದ್ದು ಎರಡನೆಯದು ಹಾಕಬೇಕು, ಚಹಾಕ್ಕೆ ಇಡಲು ಅದೇ ಸರಿಯಾದ ಹೊತ್ತು. ಕೆಲವು ಡಿವಿಡಿಗಳು ಮಾತ್ರ ಒಪ್ಪಲಿಲ್ಲ. ಅವುಗಳ ಮೇಲೆ ಗುಪ್ತಸಂಕೇತದ ಬೀಗವಿರುತ್ತದೆ. ರೊಕ್ಕ ಕೊಟ್ಟು ತಂದ ಸಿನಿಮಾ ನಮ್ಮದು, ಬೀಗ ಇನ್ನೊಬ್ಬರದು! ಆ ಬೀಗ ತೆರೆಯುವ ಬಗ್ಗೆ ಒಂದೊಂದು ದೇಶದ ಕಾನೂನು ಒಂದೊಂದು ಬಗೆ. ಹೀಗಾಗಿ ಅದನ್ನು ಓದುವ ಸಣ್ಣ ತಂತ್ರಾಂಶವನ್ನು ಲಿನಕ್ಸಿನ ಜೊತೆಗೇ ಕೊಡುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ತೋರಿಸುವ ಕೆಲಸ ಮಾತ್ರ ವಿಎಲ್‌ಸಿಯದು. ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರುಮಾಡಿ, 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ಅದು. ರಸ್ತೆ ಅಗೆದ ಕಡೆ ಇಡುವ ಕಿತ್ತಳೆ ಬಣ್ಣದ ಟೊಪ್ಪಿಗೆಯೇ ಅದರ ಗುರುತು. ಎಲ್ಲಿಯ ಪ್ಯಾರಿಸ್, ಎಲ್ಲಿಯ ಕಾವೇರಿ! ಕಪ್ಪು ಕಿಟಕಿಯಲ್ಲಿ ಇನ್ನೆರಡು ಸಾಲು ಬರೆದೆ. ಕಾಣದ ಪಾಸ್‌ವರ್ಡ್ ಈ ಸಲ ಬೆರಳಿಗೆ ರೂಢಿಯಾಗಿತ್ತು. ಶರಪಂಜರದ ಹೆಸರುಗಳು ಪರದೆಯ ಮೇಲೆ ಮೂಡಿದಾಗ, ರಾತ್ರಿ ಹನ್ನೊಂದಾಗಿದ್ದರೂ ಎದ್ದು ಹೋಗಿ ಮಲಗಿದ್ದವರನ್ನು ಎಬ್ಬಿಸಿದೆ.

ಮುಂದಿನ ಭಾನುವಾರ ಓಣಿಯ ಐದಾರು ಮಂದಿ ಬಂದರು. ಗಿರ್ಮಿಟ್ ಕಲಸಿದ್ದೆ. ಸಣ್ಣ ಪರದೆ, ಒಬ್ಬರ ಭುಜಕ್ಕೊಬ್ಬರು ಒರಗಿಕೊಂಡು ನೋಡಿದೆವು. ಕಾವೇರಿಯನ್ನು ಎಲ್ಲರೂ ಸಂಶಯದಿಂದ ನೋಡುವ ಭಾಗ ಬಂದಾಗ ಎಂಬತ್ತು ದಾಟಿದ ಹಿರಿಯರೊಬ್ಬರು, "ಆಕಿಗೆ ಹುಚ್ಚು ಬಿಟ್ಟಿತ್ತವಾ, ಮಂದಿಗೆ ಬಿಡಲಿಲ್ಲ ನೋಡು" ಎಂದರು. ಮುಗಿದ ಮೇಲೂ ಯಾರೂ ಬೇಗ ಏಳಲಿಲ್ಲ.

ಎಲ್ಲರೂ ಹೋದ ಮೇಲೆ ಹಿಂದಿನ ಮನೆಯ ಸೊಸೆ ಒಬ್ಬಳೇ ಬಾಗಿಲಲ್ಲಿ ನಿಂತಳು. "ನಮ್ಮ ಮನ್ಯಾಗೂ ಒಂದು ಹಳೇ ಲ್ಯಾಪ್‌ಟಾಪ್ ಐತ್ರಿ ಅಕ್ಕೋರ. ಗುಜರಿಗೆ ಕೊಡಬೇಕಂತ ಇಟ್ಟಾರ. ನನಗೂ ಬರ್ತೈತೇನ್ರಿ ಇದು?" ಈ ತಂತ್ರಾಂಶವನ್ನು ಯಾರಿಗೆ ಬೇಕಾದರೂ ಕೊಡಬಹುದು, ಅದರ ಪರವಾನಗಿಯೇ ಹಾಗೆ. ಪೆನ್‌ಡ್ರೈವ್ ತಂದು ಅವಳ ಅಂಗೈಯಲ್ಲಿಟ್ಟೆ. "ಬರ್ತೈತಿ. ಎರಡು ಭಾನುವಾರ ಹಿಡಿತೈತಿ, ತಲಿ ಕೆಡ್ತೈತಿ. ಆದರ ನೀನ ಮಾಡು" ಎಂದೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.