ಗಣಸೂತ್ರವೂ ಜೀವಾಕ್ಷರಮಾಲೆಯೂ

ಬಾಯಿಪಾಠ ಮಾಡಿದ ವಿದ್ಯೆಯನ್ನು ಕುರಿತು ಲೋಕದಲ್ಲಿ ಎರಡು ಅಭಿಪ್ರಾಯಗಳುಂಟು. ಕಂಠದಲ್ಲಿರುವುದೇ ವಿದ್ಯೆಯೆಂದು ಹಿಂದಿನವರು ನಂಬಿದ್ದರು. ಅರ್ಥವರಿಯದ ಕಂಠಪಾಠವು ಗಿಳಿಯ ಮಾತೆಂದು ಇಂದಿನವರು ಹೇಳುತ್ತಾರೆ. ಈ ಎರಡು ಪಕ್ಷಗಳಲ್ಲಿ ಯಾವುದು ದಿಟವೆಂಬುದನ್ನು ಬರಿಯ ವಾದದಿಂದ ನಿರ್ಣಯಿಸುವುದು ಕಷ್ಟ. ಒಂದು ಚಿಕ್ಕ ಉದಾಹರಣೆಯನ್ನು ಹಿಡಿದು ನೋಡಿದರೆ ಎರಡರಲ್ಲಿಯೂ ಇರುವ ನಿಜಾಂಶವೂ ಕೊರತೆಯೂ ತಾವಾಗಿಯೇ ಗೋಚರಿಸುವುವು. ಆ ಉದಾಹರಣೆಯು ಹತ್ತೇ ಅಕ್ಷರಗಳದು. ಛಂದಸ್ಸನ್ನು ಓದಿದವರಿಗೆ ಪರಿಚಿತವಾದುದು: ‘ಯಮಾತಾರಾಜಭಾನಸಲಗಂ’.

ಸಂಸ್ಕೃತ ಪಾಠಶಾಲೆಯ ಜಗಲಿಯ ಮೇಲೆ ಸಾಲಾಗಿ ಕುಳಿತ ಬಾಲಕರಿಗೆ ಈ ಸೂತ್ರವು ಮೊದಲ ದಿನಗಳಲ್ಲಿಯೇ ಬಾಯಿಗೆ ಬರುವುದು. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರವು ಲಘು, ಎರಡು ಮಾತ್ರೆಯದು ಗುರು; ಮೂರು ಅಕ್ಷರಗಳು ಸೇರಿದರೆ ಒಂದು ಗಣ; ಹೀಗೆ ಆಗಬಹುದಾದ ಗಣಗಳು ಎಂಟೇ ಎಂಟು. ಯಗಣದ ಲಕ್ಷಣವೇನೆಂದು ಉಪಾಧ್ಯಾಯರು ಕೇಳಿದರೆ, ಬಾಲಕನು ಸೂತ್ರದಲ್ಲಿ ಯಕಾರವನ್ನು ಹಿಡಿದು, ಮುಂದಿನೆರಡು ಅಕ್ಷರಗಳನ್ನು ಕೂಡಿಸಿ ‘ಯಮಾತಾ’ ಎಂದು ಹೇಳುವನು: ಒಂದು ಲಘು, ಎರಡು ಗುರು. ರಗಣವೆಂದರೆ ‘ರಾಜಭಾ’: ಗುರು, ಲಘು, ಗುರು. ಸಗಣವೆಂದರೆ ‘ಸಲಗಂ’: ಎರಡು ಲಘು, ಒಂದು ಗುರು. ಉತ್ಪಲಮಾಲೆ ಚಂಪಕಮಾಲೆಗಳಿಗೆ ಪ್ರಸ್ತಾರ ಹಾಕುವಾಗ ಬೆರಳ ಗೆಣ್ಣುಗಳ ಮೇಲೆ ಇದೇ ಸೂತ್ರವು ಓಡುವುದು. ಉದ್ಯೋಗ ಹಿಡಿದು, ಸಂಸಾರದಲ್ಲಿ ಮುಳುಗಿ, ಓದಿದ ಕಾವ್ಯಗಳು ಮರೆತುಹೋದ ಮೇಲೆಯೂ ಮುಪ್ಪಿನಲ್ಲಿ ನಾಲಗೆಯ ತುದಿಯಲ್ಲಿ ಉಳಿಯುವ ನಾಲ್ಕಾರು ಮಾತುಗಳಲ್ಲಿ ಇದೊಂದು.

ಇದರೊಳಗಣ ಚಮತ್ಕಾರವನ್ನು ತುಸು ವಿಚಾರಿಸಬೇಕು. ಎಂಟು ಗಣಗಳನ್ನು ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರಗಳು ಬೇಕು. ಇಲ್ಲಿ ಹತ್ತರಲ್ಲಿಯೇ ಕೆಲಸ ತೀರಿದೆ. ಕಾರಣವೇನೆಂದರೆ, ನಡುವಣ ಪ್ರತಿಯೊಂದು ಅಕ್ಷರವೂ ಮೂರು ಗಣಗಳಿಗೆ ಸಲ್ಲುತ್ತದೆ. ಒಂದಕ್ಕೆ ಆದಿಯಾಗಿ, ಒಂದಕ್ಕೆ ಮಧ್ಯವಾಗಿ, ಇನ್ನೊಂದಕ್ಕೆ ಅಂತ್ಯವಾಗಿ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆನ್ನುವರಷ್ಟೆ. ಇಲ್ಲಿನ ದೀಪವು ಮೂರು ಕೋಣೆಗಳನ್ನು ಬೆಳಗುತ್ತದೆ. ಇನ್ನೊಂದು ವಿಶೇಷವುಂಟು. ಕೊನೆಯ ‘ಲಗಂ’ ಎಂಬುದು ಲಘು-ಗುರು. ಮೊದಲಿನ ‘ಯಮಾ’ ಎಂಬುದೂ ಲಘು-ಗುರುವೇ. ಆದುದರಿಂದ ಬಾಲವನ್ನು ತಲೆಯ ಮೇಲಿಟ್ಟು ಸೂತ್ರವನ್ನು ಬಳೆಯಂತೆ ಬಾಗಿಸಿದರೆ ಎಂಟೇ ಅಕ್ಷರಗಳ ಚಕ್ರವಾಗುವುದು. ಆ ಚಕ್ರದಲ್ಲಿ ಎಂಟು ಗಣಗಳೂ ಒಂದೊಂದೇ ಸಲ ಬರುವುವು. ಎಂಟು ಸ್ಥಾನಗಳನ್ನು ಲಘುಗುರುಗಳಿಂದ ತುಂಬುವ ಬಗೆಗಳು ೨೫೬. ಈ ಗುಣವುಳ್ಳವು ಅವುಗಳಲ್ಲಿ ೧೬ ಮಾತ್ರ. ಅದರ ಮೇಲೆ ಪ್ರತಿಯೊಂದು ಗಣವೂ ತನ್ನ ಹೆಸರಿನ ಅಕ್ಷರದಿಂದಲೇ ಮೊದಲಾಗುವಂತೆ ಹೊಂದಿಸಿದೆ. ಇದು ಹುಳು ಕೊರೆದ ಗೆರೆಯು ಅಕ್ಷರವಾದಂತೆ ಘುಣಾಕ್ಷರನ್ಯಾಯದಿಂದ ಆದುದಲ್ಲ. ಹೆಸರು ಉಳಿಯದ ಯಾರೋ ಒಬ್ಬ ಛಾಂದಸಿಗನು ಕುಳಿತು ಯೋಚಿಸಿ ಕಟ್ಟಿದುದು.

ಇಷ್ಟನ್ನು ಕಂಡವನಿಗೆ ಸಹಜವಾಗಿ ಕೆಲವು ಪ್ರಶ್ನೆಗಳು ಹುಟ್ಟಬೇಕು. ಇಂಥ ಚಕ್ರವು ಇದೊಂದೆಯೋ, ಬೇರೆಯೂ ಉಂಟೋ? ನಾಲ್ಕು ಅಕ್ಷರಗಳ ಗಣಗಳು ಹದಿನಾರಾಗುವುವಲ್ಲ, ಅವನ್ನೂ ಹದಿನಾರು ಅಕ್ಷರಗಳ ಒಂದು ಚಕ್ರದಲ್ಲಿ ಅಡಗಿಸಬಹುದೆ? ಐದರ ಗತಿಯೇನು? ಎಣಿಕೆಯು ಛಂದಶ್ಶಾಸ್ತ್ರಕ್ಕೆ ಹೊರಗಿನದಲ್ಲ. ಪಿಂಗಳನ ಗ್ರಂಥದ ಕೊನೆಯ ಅಧ್ಯಾಯವೇ ಪ್ರಸ್ತಾರ, ನಷ್ಟ, ಉದ್ದಿಷ್ಟ, ಸಂಖ್ಯೆ ಮುಂತಾದ ಪ್ರತ್ಯಯಗಳಿಗೆ ಮೀಸಲಾಗಿದೆ. ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿಯೂ ಆ ವಿಚಾರವುಂಟು. ಇಷ್ಟೆಲ್ಲ ಸಾಮಗ್ರಿಯಿದ್ದರೂ ಪಾಠಶಾಲೆಯ ಜಗಲಿಯ ಮೇಲೆ ಈ ಪ್ರಶ್ನೆಗಳು ಏಳಲಿಲ್ಲ. ಗಣವನ್ನು ಗುರುತಿಸಿದೊಡನೆ ಸೂತ್ರದ ಕೆಲಸ ಮುಗಿಯಿತೆಂದು ಗುರುವೂ ಶಿಷ್ಯನೂ ಮುಂದಿನ ಪಾಠಕ್ಕೆ ನಡೆದರು.

ಪ್ರಶ್ನೆಗೆ ಉತ್ತರ ದೊರೆತುದು ದೂರದ ಬೇರೊಂದು ದಾರಿಯಿಂದ. ಪ್ರಷ್ಯಾ ದೇಶದ ಕೋನಿಗ್ಸ್‌ಬರ್ಗ್ ನಗರದಲ್ಲಿ—ಅದು ಇಂದು ರಷ್ಯಾ ದೇಶದ ಕಲಿನಿನ್‌ಗ್ರಾದ್—ಪ್ರೆಗೆಲ್ ನದಿಯು ಊರನ್ನು ನಾಲ್ಕು ಭೂಭಾಗಗಳಾಗಿ ಸೀಳಿತ್ತು. ಅವುಗಳನ್ನು ಕೂಡಿಸಲು ಏಳು ಸೇತುವೆಗಳಿದ್ದುವು. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರನ್ನೆಲ್ಲ ಸುತ್ತಬಹುದೆ ಎಂಬುದು ನಾಗರಿಕರ ವಿನೋದದ ಸಮಸ್ಯೆಯಾಗಿತ್ತು. ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞನು ೧೭೩೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯ ಮುಂದೆ ಇದು ಸಾಧ್ಯವಿಲ್ಲವೆಂದು ತೋರಿಸಿದನು. ಅವನ ಯುಕ್ತಿ ಸರಳವಾದುದು. ನಡುವಣ ಒಂದು ಸ್ಥಳಕ್ಕೆ ಬಂದವನು ಅಲ್ಲಿಂದ ಹೊರಡಲೂ ಬೇಕು. ಆದುದರಿಂದ ಅಲ್ಲಿ ಬರುವ ದಾರಿಗಳಷ್ಟೇ ಹೋಗುವ ದಾರಿಗಳು ಬೇಕು, ಎಂದರೆ ಸೇತುವೆಗಳ ಸಂಖ್ಯೆ ಸಮವಾಗಿರಬೇಕು. ಆ ನಗರದಲ್ಲಿ ನಾಲ್ಕು ಕಡೆಯೂ ಸಂಖ್ಯೆ ಬೆಸವಾಗಿತ್ತು.

ಈ ಯುಕ್ತಿಯನ್ನು ಗಣಸೂತ್ರಕ್ಕೆ ಅನ್ವಯಿಸಿದರೆ ಅದರ ಗುಟ್ಟು ಬಯಲಾಗುವುದು. ನಾಲ್ಕು ಊರುಗಳನ್ನು ಕಲ್ಪಿಸಿಕೊಳ್ಳಬೇಕು. ಅವುಗಳ ಹೆಸರು ಲಲ, ಲಗ, ಗಲ, ಗಗ. ಪ್ರತಿಯೊಂದು ಗಣವೂ ಒಂದು ದಾರಿ. ಅದರ ಮೊದಲೆರಡು ಅಕ್ಷರಗಳು ಹೊರಡುವ ಊರು, ಕೊನೆಯೆರಡು ಅಕ್ಷರಗಳು ಸೇರುವ ಊರು. ಯಗಣವು ಲಗದಿಂದ ಗಗಕ್ಕೆ ಒಯ್ಯುವುದು. ಮಗಣವು ಗಗದಿಂದ ಹೊರಟು ಗಗಕ್ಕೇ ಬರುವುದು. ತಗಣವು ಗಗದಿಂದ ಗಲಕ್ಕೆ, ರಗಣವು ಗಲದಿಂದ ಲಗಕ್ಕೆ, ಜಗಣವು ಲಗದಿಂದ ಗಲಕ್ಕೆ, ಭಗಣವು ಗಲದಿಂದ ಲಲಕ್ಕೆ. ನಗಣವು ಲಲದಲ್ಲಿಯೇ ಸುತ್ತಿ ಬರುವುದು. ಸಗಣವು ಲಲದಿಂದ ಹೊರಟ ಊರಾದ ಲಗಕ್ಕೆ ಮರಳಿಸುವುದು. ಊರಿಗೆ ಎರಡು ಬರುವ ದಾರಿ, ಎರಡು ಹೋಗುವ ದಾರಿ. ಆದುದರಿಂದ ಎಂಟು ದಾರಿಗಳನ್ನೂ ಒಮ್ಮೊಮ್ಮೆಯೇ ತುಳಿದು ಬರುವುದು ಸಾಧ್ಯ. ‘ಯಮಾತಾರಾಜಭಾನಸಲಗಂ’ ಎಂಬುದು ಅಂಥದೊಂದು ಯಾತ್ರೆಯ ದಿನಚರಿ.

ಇಂಥ ಚಕ್ರಗಳು ಎಷ್ಟೆಂಬ ಲೆಕ್ಕವನ್ನು ೧೯೪೬ರಲ್ಲಿ ಹಾಲೆಂಡಿನ ಡಿ ಬ್ರಾಯ್ನ್ ಎಂಬ ಗಣಿತಜ್ಞನು ಸಾಧಿಸಿದನು. ಮೂರಕ್ಷರದ ಗಣಗಳಿಗೆ ಎರಡೇ ಚಕ್ರಗಳು; ಒಂದು ಈ ಸೂತ್ರ, ಇನ್ನೊಂದು ಇದನ್ನೇ ಹಿಂದುಮುಂದಾಗಿ ಓದಿದುದು. ನಾಲ್ಕಕ್ಕೆ ೧೬, ಐದಕ್ಕೆ ೨,೦೪೮. ಅಂದಿನಿಂದ ಈ ಚಕ್ರಗಳಿಗೂ ಊರು-ದಾರಿಗಳ ಈ ಜಾಲಕ್ಕೂ ಅವನ ಹೆಸರೇ ನಿಂತಿದೆ. ಆದರೆ ೧೮೯೪ರಲ್ಲಿಯೇ ಫ್ರಾನ್ಸಿನ ಸೇಂತ್ ಮರೀ ಎಂಬವನು ಅದೇ ಲೆಕ್ಕವನ್ನು ಬಿಡಿಸಿದ್ದನೆಂಬುದು ಮುಂದೆ ತಿಳಿದುಬಂದಿತು. ಆಗ ಡಿ ಬ್ರಾಯ್ನನು ೧೯೭೫ರಲ್ಲಿ ಪ್ರತ್ಯೇಕವಾದ ಒಂದು ಲೇಖನವನ್ನೇ ಬರೆದು, ಪ್ರಥಮಗೌರವವು ಆ ಹಿಂದಿನವನಿಗೆ ಸಲ್ಲಬೇಕೆಂದು ಪ್ರಕಟಿಸಿದನು. ವಿದ್ವಾಂಸನಿಗೆ ಒಪ್ಪುವ ನಡತೆಯೆಂದರೆ ಇದು.

ಇದುವರೆಗಿನದು ಬುದ್ಧಿಯ ವಿನೋದವೆಂದೇ ತೋರಬಹುದು. ಅದು ಮನುಷ್ಯರ ಪ್ರಾಣಸಂಬಂಧವಾದ ಕಾರ್ಯಕ್ಕೆ ಒದಗಿದ ಬಗೆಯನ್ನು ಇನ್ನು ನೋಡಬಹುದು. ಪ್ರಾಣಿಗಳ ದೇಹದ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೂಲಿನ ಮೇಲೆ ಎ, ಸಿ, ಜಿ, ಟಿ ಎಂದು ಕರೆಯುವ ನಾಲ್ಕೇ ಅಕ್ಷರಗಳಲ್ಲಿ ದೇಹರಚನೆಯ ವಿಧಿಯು ಬರೆದಿರುವುದು. ಆ ಸಮಗ್ರ ಗ್ರಂಥಕ್ಕೆ ಜೀನೋಮ್ ಎಂದು ಹೆಸರು. ಮನುಷ್ಯನ ಜೀನೋಮಿನಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳುಂಟು. ಇದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಬಲ್ಲ ಯಂತ್ರವಿಲ್ಲ. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಯಂತ್ರಗಳು ಒಂದು ಸಲಕ್ಕೆ ನೂರು ನೂರೈವತ್ತು ಅಕ್ಷರಗಳ ತುಣುಕುಗಳನ್ನು ಓದುತ್ತವೆ. ಅಂಥ ತುಣುಕುಗಳು ಕೋಟಿಗಟ್ಟಲೆ. ಒಂದು ಮಹಾಗ್ರಂಥದ ನೂರಾರು ಪ್ರತಿಗಳನ್ನು ಬೇರೆಬೇರೆ ಕಡೆಗಳಲ್ಲಿ ಹರಿದು, ಚೂರುಗಳನ್ನೆಲ್ಲ ಒಂದೇ ರಾಶಿಯಾಗಿ ಸುರಿದು, ಮೂಲಗ್ರಂಥವನ್ನು ಬರೆದುಕೊಡೆಂದರೆ ಹೇಗೋ ಹಾಗೆ.

ಜೋಡಿಸುವುದಕ್ಕೆ ಆಧಾರವು ಒಂದೇ: ಚೂರುಗಳ ಅಂಚುಗಳು ಒಂದರ ಮೇಲೊಂದು ಹಾಯ್ದಿರುವುದು. ವೇದಾಧ್ಯಯನ ಮಾಡಿದವರಿಗೆ ಕ್ರಮಪಾಠವು ತಿಳಿದಿರುವುದು. ಅಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆಯೂ, ಎರಡನೆಯದನ್ನು ಮೂರನೆಯದರೊಡನೆಯೂ ಕೂಡಿಸಿ ಹೇಳುತ್ತ ಹೋಗುವರು. ಜೋಡಿಗಳನ್ನು ಕಲಸಿಬಿಟ್ಟರೂ ಒಂದರ ಕೊನೆಯನ್ನು ಇನ್ನೊಂದರ ಮೊದಲಿನೊಡನೆ ಹೊಂದಿಸಿ ಪದಗಳ ಅನುಕ್ರಮವನ್ನು ಬಹುಮಟ್ಟಿಗೆ ಮರಳಿ ಕಟ್ಟಬಹುದು. ಒಂದೇ ಪದವು ಎರಡು ಕಡೆ ಬಂದಾಗ ಮಾತ್ರ ದಾರಿ ಕವಲೊಡೆದು ಸಂಶಯ ಹುಟ್ಟುವುದು. ಜೀನೋಮನ್ನು ಓದುವವರ ಸುಲಭವೂ ಸಂಕಟವೂ ಇದೇ.

ಮೊದಲು ವಿಜ್ಞಾನಿಗಳು ಪ್ರತಿಯೊಂದು ತುಣುಕನ್ನೂ ಒಂದು ಊರೆಂದು ಭಾವಿಸಿ, ಅಂಚು ಕೂಡುವಲ್ಲಿ ದಾರಿ ಹಾಕಿ, ಎಲ್ಲಾ ಊರುಗಳನ್ನೂ ಒಂದೊಂದೇ ಸಲ ಮುಟ್ಟುವ ಮಾರ್ಗವನ್ನು ಹುಡುಕಿದರು. ಊರುಗಳನ್ನು ಮುಟ್ಟುವ ಈ ಸಮಸ್ಯೆಗೆ ಎಲ್ಲಾ ಸಂದರ್ಭಗಳಲ್ಲಿಯೂ ಒದಗುವ ಶೀಘ್ರವಿಧಾನವು ಇಂದಿಗೂ ದೊರೆತಿಲ್ಲ. ೨೦೦೧ರಲ್ಲಿ ಪೆವ್ಜ್‌ನರ್, ಟಾಂಗ್, ವಾಟರ್‌ಮನ್ ಎಂಬ ಮೂವರು, ಕೆಲವು ವರ್ಷಗಳಿಂದ ಬೆಳೆಯುತ್ತಿದ್ದ ಒಂದು ಆಲೋಚನೆಯನ್ನು ಮುಂದುವರಿಸಿ, ಮಾತನ್ನು ತಿರುಗಿಸಿಟ್ಟರು: ತುಣುಕುಗಳನ್ನು ಸಮಾನವಾದ ಸಣ್ಣ ಪದಗಳಾಗಿ ಮಾಡಿ, ಅವುಗಳನ್ನು ಊರೆಂದಲ್ಲ, ದಾರಿಯೆಂದು ಎಣಿಸೋಣ. ಆಗ ಸಮಸ್ಯೆಯು ಆಯ್ಲರನ ಸೇತುವೆಗಳ ಯಾತ್ರೆಯಾಯಿತು. ಅದಕ್ಕೆ ಸುಲಭವಾದ ನಿಯಮ ಮೊದಲೇ ಸಿದ್ಧವಾಗಿತ್ತು. ಬಾಲಕನು ಮೂರು ಮೂರಕ್ಷರಗಳ ಗಣಗಳಿಂದ ಸೂತ್ರವನ್ನು ನಡೆದಂತೆ, ಗಣಕಯಂತ್ರವು ಮೂವತ್ತು ಚಿಲ್ಲರೆ ಅಕ್ಷರಗಳ ಪದಗಳಿಂದ ಜೀನೋಮನ್ನು ನಡೆಯುವುದು.

ಇದರ ಬೆಲೆಯು ಲೋಕಕ್ಕೆ ತಿಳಿದುದು ವಿಪತ್ತಿನಲ್ಲಿ. ೨೦೧೯ರ ಡಿಸೆಂಬರ್ ೨೬ರಂದು ಚೀನಾ ದೇಶದ ವುಹಾನ್ ನಗರದ ಆಸ್ಪತ್ರೆಯೊಂದಕ್ಕೆ ಸೇರಿದ ರೋಗಿಯೊಬ್ಬನ ಶ್ವಾಸಕೋಶದ ದ್ರವವನ್ನು ಜಾಂಗ್ ಯೋಂಗ್‌ಜೆನ್ ಎಂಬವರ ತಂಡವು ಪರೀಕ್ಷಿಸಿತು. ಯಂತ್ರವು ಓದಿಕೊಟ್ಟ ತುಣುಕುಗಳು ಐದೂವರೆ ಕೋಟಿಗೂ ಮಿಕ್ಕಿದ್ದುವು. ರೋಗಿಯವೂ ಸೂಕ್ಷ್ಮಜೀವಿಗಳವೂ ಎಲ್ಲವೂ ಅದರಲ್ಲಿ ಬೆರೆತಿದ್ದುವು. ಜೋಡಣೆಗೆ ಅವರು ಬಳಸಿದ ಮೆಗಾಹಿಟ್, ಟ್ರಿನಿಟಿ ಎಂಬ ಎರಡು ಗಣಕವಿಧಾನಗಳೂ ಡಿ ಬ್ರಾಯ್ನನ ಜಾಲವನ್ನೇ ಆಧರಿಸಿದುವು. ಆ ರಾಶಿಯೊಳಗಿಂದ ಯಾರೂ ಹಿಂದೆ ಕಾಣದಿದ್ದ ಒಂದು ವೈರಾಣುವಿನ ಸುಮಾರು ಮೂವತ್ತು ಸಾವಿರ ಅಕ್ಷರಗಳ ಮಾಲೆಯು ಮೇಲೆದ್ದಿತು. ೨೦೨೦ರ ಜನವರಿ ೧೧ರಂದು ಅದು ಲೋಕಕ್ಕೆಲ್ಲ ಪ್ರಕಟವಾಯಿತು. ರೋಗಪರೀಕ್ಷೆಯ ಸಾಧನಗಳನ್ನೂ ಲಸಿಕೆಗಳನ್ನೂ ಅದನ್ನು ನೋಡಿಯೇ ರಚಿಸಲಾಯಿತು. ಮಾರ್ಚ್ ೧೬ರಂದು ಅಮೆರಿಕದಲ್ಲಿ ಒಂದು ಲಸಿಕೆಯನ್ನು ಮನುಷ್ಯನಿಗೆ ಪರೀಕ್ಷಾರ್ಥವಾಗಿ ಚುಚ್ಚಿದರು. ಆ ಮಾರಿಯಿಂದ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು. ಅವರ ದುಃಖಕ್ಕೆ ಗಣಿತವು ಸಮಾಧಾನವಲ್ಲ; ಆದರೆ ಶತ್ರುವಿನ ಗುರುತು ಕೆಲವೇ ದಿನಗಳಲ್ಲಿ ಸಿಕ್ಕದೆ ಹೋಗಿದ್ದರೆ ದುಃಖಿತರ ಸಂಖ್ಯೆಯು ಇನ್ನೂ ಬೆಳೆಯುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈ ವಿಧಾನಕ್ಕೂ ಮಿತಿಯುಂಟೆಂಬುದನ್ನು ಮರೆಯಬಾರದು. ಮನುಷ್ಯನ ಜೀನೋಮಿನ ಅರ್ಧದಷ್ಟು ಭಾಗವು ಪುನರುಕ್ತಿಗಳಿಂದ ತುಂಬಿದೆ. ಒಂದೇ ಪಲ್ಲವಿಯು ಸಾವಿರ ಸಲ ಬರುವ ಹಾಡನ್ನು ಚೂರುಗಳಿಂದ ಜೋಡಿಸುವವನು ಯಾವ ಪಲ್ಲವಿಯ ಬಳಿಕ ಯಾವ ಚರಣವೆಂದು ತಬ್ಬಿಬ್ಬಾಗುವಂತೆ, ಇಲ್ಲಿ ಯಂತ್ರವೂ ತಬ್ಬಿಬ್ಬಾಗುವುದು. ೨೦೦೩ರಲ್ಲಿ ಮುಗಿಯಿತೆಂದು ಸಾರಿದ ಮಾನವ ಜೀನೋಮಿನಲ್ಲಿ ಉಳಿದಿದ್ದ ಶೇಕಡ ೮ರಷ್ಟು ಭಾಗವು ಕೂಡಿಬಂದುದು ೨೦೨೨ರಲ್ಲಿ, ಸಾವಿರಾರು ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಓದುವ ಹೊಸ ಯಂತ್ರಗಳು ಬಂದ ಮೇಲೆ.

ಈಗ ಮೊದಲಿನ ವಿವಾದಕ್ಕೆ ಬರಬಹುದು. ಈ ವೃತ್ತಾಂತವನ್ನು ಕೇಳಿದೊಡನೆ ‘ಎಲ್ಲವೂ ಹಿಂದೆಯೇ ಶಾಸ್ತ್ರಗಳಲ್ಲಿತ್ತು’ ಎಂದು ತೊಡೆ ತಟ್ಟುವವರುಂಟು. ಆ ಮಾತು ನಿಲ್ಲದು. ಆಯ್ಲರನು ಗಣಸೂತ್ರವನ್ನು ಕೇಳಿ ಸೇತುವೆಗಳ ಸಮಸ್ಯೆಯನ್ನು ಬಿಡಿಸಲಿಲ್ಲ. ಪಾಠಶಾಲೆಯಲ್ಲಿ ಯಾರೂ ಮೂರಕ್ಷರದಿಂದ ನಾಲ್ಕಕ್ಷರಕ್ಕೆ ದಾಟಲಿಲ್ಲ. ಸೂತ್ರಕಾರನಿಗೆ ಸಲ್ಲಬೇಕಾದುದು ಒಂದು ಸುಂದರವಾದ ಚಕ್ರವನ್ನು ಕಂಡ ಕೀರ್ತಿ. ಅದು ಸಣ್ಣದಲ್ಲ, ಅದಕ್ಕೆ ಉಬ್ಬರವೂ ಬೇಕಿಲ್ಲ. ತನ್ನ ಹೆಸರಿನಲ್ಲಿದ್ದ ಕೀರ್ತಿಯನ್ನು ತಾನೇ ಎತ್ತಿ ಹಿಂದಿನವನಿಗೆ ಒಪ್ಪಿಸಿದ ಡಿ ಬ್ರಾಯ್ನನ ಎದುರಿನಲ್ಲಿ, ಇಲ್ಲದ ಕೀರ್ತಿಯನ್ನು ಪೂರ್ವಿಕರ ತಲೆಗೆ ಕಟ್ಟುವುದು ಅವರಿಗೇ ಅವಮಾನ. ಹಾಗೆಂದು ಕಂಠಪಾಠವನ್ನು ಗಿಳಿಯ ಮಾತೆಂದು ತಳ್ಳಿಬಿಡುವುದೂ ತರವಲ್ಲ. ಆ ಹತ್ತು ಅಕ್ಷರಗಳನ್ನು ತಲೆಮಾರಿನಿಂದ ತಲೆಮಾರಿಗೆ ಕೆಡದಂತೆ ಒಯ್ದವು ಆ ನಾಲಗೆಗಳೇ. ಅವು ಹೊತ್ತು ತಂದ ಗಂಟನ್ನು ಬಿಚ್ಚಿ ನೋಡುವ ಕೆಲಸವು ಮಾತ್ರ ಬಾಕಿ ಉಳಿಯಿತು.

ಹಾಗಾಗುವುದಕ್ಕೆ ಕಾರಣವು ಬಾಲಕರ ಮಂದಬುದ್ಧಿಯಲ್ಲ; ಛಂದಸ್ಸು ಒಂದು ಕೋಣೆಯಲ್ಲಿ, ಗಣಿತವು ಇನ್ನೊಂದು ಕೋಣೆಯಲ್ಲಿ ಕುಳಿತು ನಡುವೆ ಗೋಡೆ ಎದ್ದಿರುವುದು. ಇಂದಿನ ಪ್ರೌಢಶಾಲೆಗಳಲ್ಲಿಯೂ ಕನ್ನಡದ ಉಪಾಧ್ಯಾಯರು ಗಣವಿಭಾಗವನ್ನು ಹೇಳಿ ಹೋದ ಮೇಲೆ ಗಣಿತದ ಉಪಾಧ್ಯಾಯರು ಬಂದು ಬೇರೆಯೇ ಪಾಠವನ್ನು ಮೊದಲು ಮಾಡುತ್ತಾರೆ. ಆ ಗೋಡೆಯಲ್ಲಿ ಕಿಂಡಿ ತೆರೆಯುವುದಕ್ಕೆ ಹೆಚ್ಚು ಖರ್ಚೇನೂ ಇಲ್ಲ. ಗಣಸೂತ್ರವನ್ನು ಒಪ್ಪಿಸಿದ ಮಗುವಿಗೆ ಕರಿಹಲಗೆಯ ಮೇಲೆ ಹದಿನಾರು ಅಕ್ಷರಗಳನ್ನು ಚಕ್ರವಾಗಿ ಬರೆದುಕೊಡಬಹುದು: ಲ ಲ ಲ ಲ ಗ ಲ ಲ ಗ ಗ ಲ ಗ ಲ ಗ ಗ ಗ ಗ. ಇದರಲ್ಲಿ ನಾಲ್ಕು ನಾಲ್ಕಕ್ಷರಗಳ ಹದಿನಾರು ಗಣಗಳೂ ಉಂಟೆ, ಯಾವುದಾದರೂ ಎರಡು ಸಲ ಬಂದಿದೆಯೆ ಎಂದು ಕೇಳಬಹುದು. ಮಗುವು ಬೆರಳಿಟ್ಟು ಎಣಿಸಿ ಉತ್ತರ ಹೇಳಿದ ಮೇಲೆ, ಇಂಥ ಚಕ್ರಗಳು ಇನ್ನೂ ಹದಿನೈದುಂಟು, ಅವುಗಳಲ್ಲಿ ಒಂದನ್ನು ನೀನೇ ಕಟ್ಟಿಕೊಂಡು ಬಾ ಎಂದು ಮನೆಗೆ ಕಳುಹಿಸಬಹುದು.