ಋತುಮಾನವೂ ಯೋಗಾಭ್ಯಾಸವೂ

ಶರಣ ಸಂಸ್ಕೃತಿಯಲ್ಲಿ ಕಾಯಕ್ಕೂ ಕಾಯಕಕ್ಕೂ ಬಿಡಿಸಲಾಗದ ನಂಟು. ದುಡಿಯುವ ಮೈಯಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆ ಮೈ ದುಡಿಯುವುದಾದರೂ ಕಾಲಕ್ಕೆ ಕಟ್ಟುಬಿದ್ದು. ಮೃಗಶಿರಾ ಮಳೆಗೆ ಬಿತ್ತುವ ಕೈ, ಸ್ವಾತಿಯ ಹೊತ್ತಿಗೆ ಎಡೆ ಹೊಡೆಯುವ ಕೈ, ಶಿವರಾತ್ರಿಯ ಸುಮಾರಿಗೆ ಜೋಳ ಕೀಳುವ ಕೈ ಒಂದೇ ಆದರೂ ಅದರ ದಣಿವು ಒಂದೇ ಬಗೆಯದಲ್ಲ. ಹೀಗಿರುವಾಗ ನಮ್ಮ ಯೋಗಾಭ್ಯಾಸದ ಕೂಟಗಳಲ್ಲಿ ಮಾತ್ರ ಬೇಸಿಗೆ, ಮಳೆ, ಚಳಿಗಳೆಂಬ ಭೇದವಿಲ್ಲದೆ ವರ್ಷವಿಡೀ ಅವೇ ಆಸನಗಳು ಅದೇ ಕ್ರಮದಲ್ಲಿ ನಡೆದುಬರುತ್ತವೆ. ಇದು ಸರಿಯೆ ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ಆ ಪ್ರಶ್ನೆಯ ಬೆನ್ನುಹತ್ತಿ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಯಲಬುರ್ಗಾ ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆ ಎಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಸುತ್ತಲಿನದು ಎರೆ ಭೂಮಿ. ಒಕ್ಕಲುತನ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಮುಂಗಾರಿಗೆ ಹೆಸರು, ಸಜ್ಜೆ, ಗೋವಿನಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಇಂಥ ಊರಿನಲ್ಲಿ 2022ರ ಯುಗಾದಿ ಕಳೆದ ಮೇಲೆ ನಾವು ಕೆಲವರು ನೆರೆಹೊರೆಯವರು ಸೇರಿ ಬೆಳಗಿನ ಯೋಗದ ಕೂಟವೊಂದನ್ನು ಆರಂಭಿಸಿದೆವು. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದರು, ಅಂಗಡಿಕಾರರಿದ್ದರು, ಒಕ್ಕಲು ಮನೆತನದ ತಾಯಂದಿರೂ ಇದ್ದರು. ಮೊದಲೆರಡು ತಿಂಗಳು ಜಮಖಾನೆಯ ಮೇಲೆ ಜಾಗ ಸಾಲದಷ್ಟು ಜನ. ಮೃಗಶಿರಾ ಮಳೆ ಹೂಡಿತೋ ಇಲ್ಲವೋ, ಮುಕ್ಕಾಲು ಪಾಲು ಬರಿದು. ಹೊಲಕ್ಕೆ ಹೊರಟಿದ್ದ ಹಿರಿಯ ತಾಯಿಯೊಬ್ಬರನ್ನು ಕೇಳಿದಾಗ ಅವರು ನಿಂತ ನಿಲುವಿನಲ್ಲೇ ಹೇಳಿದರು: "ಬಿತ್ತೂ ಹೊತ್ತಿನ್ಯಾಗ ಮೈ ಮಣಿಸೂದು ಹೊಲದಾಗ ಆಗ್ತೈತ್ರಿ ಸರ. ಇಲ್ಲಿ ಬಂದು ಮತ್ತ ಬಗ್ಗೀರಿ ಅಂದ್ರ ನಡಾ ಎಲ್ಲಿ ಉಳೀಬೇಕು?"

ಆ ಮಾತಿನಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದು ಏನೂ ಇರಲಿಲ್ಲ. ಯೋಗವನ್ನು ಆರಂಭಿಸಲು ವಸಂತ ಮತ್ತು ಶರದೃತುಗಳೇ ತಕ್ಕ ಕಾಲವೆಂದು ಘೇರಂಡ ಸಂಹಿತೆ ವಿಧಿಸುತ್ತದೆ. ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಬಲಶಾಲಿಯಾದವನು ಸಹ ತನ್ನ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ ಮಾಡಬೇಕು ಎಂಬುದು ವಾಗ್ಭಟನ ಅಷ್ಟಾಂಗಹೃದಯದ ಅಭಿಪ್ರಾಯ. ನಮ್ಮ ಹಿರಿಯರು ದೇಹವನ್ನು ಋತುವಿನಿಂದ ಬೇರ್ಪಡಿಸಿ ನೋಡಿದವರಲ್ಲ ಎಂಬುದಕ್ಕೆ ಇವೆರಡೇ ನಿದರ್ಶನ ಸಾಕು.

ಆದ್ದರಿಂದ ನಾವು ಮೊದಲು ಕೈಹಾಕಿದ್ದು ಆಸನಗಳ ಕ್ರಮಕ್ಕೆ. ಬಿತ್ತನೆ ಮತ್ತು ಕಳೆ ತೆಗೆಯುವ ದಿನಗಳಲ್ಲಿ ಇಡೀ ದಿನ ಬಗ್ಗಿಯೋ ಕುಕ್ಕರಗಾಲಿನಲ್ಲೋ ದುಡಿದವರಿಗೆ ಪಾದಹಸ್ತಾಸನ, ಪಶ್ಚಿಮೋತ್ತಾನಾಸನಗಳನ್ನು ಬಿಟ್ಟುಕೊಟ್ಟು ಭುಜಂಗಾಸನ, ಸೇತುಬಂಧಾಸನ, ಮಕರಾಸನಗಳನ್ನು ನಿಧಾನವಾಗಿ ಮಾಡಿಸತೊಡಗಿದೆವು. ಬೇಸಿಗೆಯಲ್ಲಿ ಸೂರ್ಯನಮಸ್ಕಾರದ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಶೀತಲೀ ಪ್ರಾಣಾಯಾಮಕ್ಕೆ ಹೆಚ್ಚು ಹೊತ್ತು ಕೊಟ್ಟೆವು. ಚಳಿಗಾಲದಲ್ಲಿ ಮೈ ಕಾಯಿಸುವ ಅಭ್ಯಾಸಗಳಿಗೆ ಪ್ರಾಶಸ್ತ್ಯ. ರಕ್ತದೊತ್ತಡ, ಹೃದಯದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಭಸ್ತ್ರಿಕಾ, ಕಪಾಲಭಾತಿಗಳಿಂದ ದೂರವಿರಬೇಕೆಂಬ ನಿಯಮ ಮಾತ್ರ ಎಲ್ಲ ಋತುಗಳಿಗೂ ಸಮಾನ.

ಇಷ್ಟರಿಂದಲೇ ಕೂಟಕ್ಕೆ ಜೀವ ಬಂದಿತೆಂದು ಹೇಳಲಾರೆವು. ಜೀವ ಬಂದದ್ದು ಕೊನೆಯ ಹತ್ತು ನಿಮಿಷದ ಮನನದಿಂದ. ಶವಾಸನ ಮುಗಿದ ಮೇಲೆ ಎಲ್ಲರೂ ಎದ್ದು ಕುಳಿತು, ಆ ಋತುವಿಗೆ ಸಂಬಂಧಿಸಿದ ಒಂದೇ ವಸ್ತುವನ್ನು ಮನಸ್ಸಿನ ಮುಂದಿಟ್ಟುಕೊಂಡು ಮೌನವಾಗಿರುವುದು. ಒಮ್ಮೆ ಬೀಜದ ಹೆಸರು, ಒಮ್ಮೆ ಬನ್ನಿಯ ಎಲೆ, ಒಮ್ಮೆ ಕೆರೆಯ ಹೂಳಿನ ಹೆಂಟೆ. ಮನೆಯಿಂದಲೋ ಹೊಲದಿಂದಲೋ ಯಾರಾದರೊಬ್ಬರು ತಂದು ನಡುವೆ ಇಡುತ್ತಾರೆ. ಪ್ರವಚನವಿಲ್ಲ, ಒಂದೆರಡು ಮಾತಿನ ಪ್ರಸ್ತಾಪ ಅಷ್ಟೆ.

ಇದಕ್ಕೆ ಆಕ್ಷೇಪ ಬಾರದಿರಲಿಲ್ಲ. "ಮುಂಜಾನೆ ಲಿಂಗಪೂಜಿ ಮಾಡಿಕೊಂಡವರಿಗೆ ಈ ಕಸರತ್ತು ಯಾಕ ಬೇಕು? ಶಿವಯೋಗಕ್ಕಿಂತ ದೊಡ್ಡ ಯೋಗ ಯಾವುದೈತಿ?" ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. ಅವರ ಮಾತು ತಳ್ಳಿಹಾಕುವಂಥದಲ್ಲ. ಅಲ್ಲಮಪ್ರಭುಗಳು ಗೋರಕ್ಷನನ್ನು ಸಂಧಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಯೋಗಸಾಧನೆಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಖಡ್ಗ ತಾಗಿದಾಗ ಖಣಿಲೆಂಬ ಸದ್ದು ಹೊರಟಿತು. ಪ್ರಭುವಿನ ಮೈಯಲ್ಲಿ ಅದೇ ಖಡ್ಗ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಮೈಯನ್ನು ಗಟ್ಟಿ ಮಾಡಿಕೊಳ್ಳುವುದೇ ಯೋಗದ ಗುರಿಯಾದರೆ ಅದು ಅರ್ಧದಾರಿಯೆಂಬುದನ್ನು ಈ ಪ್ರಸಂಗ ಸಾರುತ್ತದೆ.

ಆದರೆ ನಮ್ಮ ಪರಂಪರೆಯೇ ಆಸನಾಭ್ಯಾಸವನ್ನು ದೂರವಿಟ್ಟಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ವಟುಗಳಿಗೆ ಶಾಸ್ತ್ರಾಧ್ಯಯನದ ಜೊತೆಗೆ ಯೋಗದ ಶಿಕ್ಷಣವೂ ನಡೆದುಬಂದಿದೆ. ಬೆನ್ನು ನೇರ ನಿಲ್ಲದವನಿಗೆ, ಮಂಡಿ ಮಡಚಲಾಗದವನಿಗೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುವುದು ಕಷ್ಟ. ರಾಶಿಗೆ ಮುಂಚೆ ಕಣ ಕೆತ್ತಿ, ಸಾರಿಸಿ, ಹದಗೊಳಿಸುವುದಿಲ್ಲವೆ? ಕಣವೇ ರಾಶಿಯಲ್ಲ ನಿಜ, ಆದರೆ ಕಣವಿಲ್ಲದೆ ಕಾಳು ಮಣ್ಣುಪಾಲಾಗುತ್ತದೆ. ಆಸನಕ್ಕೂ ಶಿವಯೋಗಕ್ಕೂ ಇರುವ ಸಂಬಂಧ ಇಂಥದು ಎಂದು ವಿನಂತಿಸಿಕೊಂಡೆವು. ಆ ಹಿರಿಯರು ಮುಂದೆ ಆಸನಕ್ಕೆ ಬಾರದಿದ್ದರೂ ಕೊನೆಯ ಹತ್ತು ನಿಮಿಷಕ್ಕೆ ತಪ್ಪದೆ ಬಂದು ಕೂಡುತ್ತಿದ್ದರು.

ಋತುಗಳ ಮನನದಲ್ಲಿ ನಮಗೆ ಬಹಳ ಆಪ್ತವಾದದ್ದು ಹೇಮಂತದ್ದು. ಕಡಲೆ ಹೊಲದ ಮೇಲೆ ರಾತ್ರಿ ತೆಳುವಾದ ಬಿಳಿಯ ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಡನೆ ಅದು ಹೀರಿಕೊಂಡ ಹುಳಿಯನ್ನು ಹಿಂಡಿ ತೆಗೆಯುವ ಪದ್ಧತಿಯನ್ನು ನಮ್ಮ ಕಡೆಯವರು ಬಲ್ಲರು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಮನೆಮದ್ದೆಂದು ಆ ಹುಳಿಯನ್ನು ಶೀಸೆಯಲ್ಲಿ ತುಂಬಿಡುತ್ತಾರೆ. ಬಟ್ಟೆ ಗಿಡವನ್ನು ಹಿಂಡುವುದಿಲ್ಲ, ಕೀಳುವುದಿಲ್ಲ. ಸುಮ್ಮನೆ ಮೇಲೆ ಹಾಸಿಕೊಂಡಿರುತ್ತದೆ. ಧ್ಯಾನವೆಂದರೆ ಏನೆಂದು ಶಾಲೆಯ ಮುಖ ಕಾಣದ ತಾಯಂದಿರಿಗೆ ತಿಳಿಸಲು ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ದೊರೆಯಲಿಲ್ಲ. ಮುಂದೆ ಕಡಲೆ ಕೀಳುವ ಕಾಲ ಬಂದಾಗ ಇದೇ ಇಬ್ಬನಿ ಕೂಟದ ಹೊತ್ತನ್ನೂ ಬದಲಿಸಿತು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಉದುರುತ್ತದಾದ್ದರಿಂದ ಇಬ್ಬನಿಯಿರುವಾಗಲೇ ಕೀಳಬೇಕು. ಹೀಗಾಗಿ ಆ ಕೆಲವು ವಾರ ನಮ್ಮ ಕೂಟ ಸಂಜೆಗೆ ಸರಿಯುತ್ತದೆ.

ಶರತ್ಕಾಲದ ಮನನ ಮಹಾನವಮಿಯ ಬನ್ನಿ. ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆನ್ನುವ ವಾಡಿಕೆ ನಮ್ಮದು. ಹಬ್ಬದ ಹಿಂದಿನ ವಾರವೆಲ್ಲ, ತಾನು ಈ ಸಲ ಯಾರ ಮನೆಗೆ ಬನ್ನಿ ಒಯ್ಯಲು ಹಿಂಜರಿಯುತ್ತಿದ್ದೇನೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮೊಳಗೇ ಕೇಳಿಕೊಳ್ಳುವುದು. ಬದುವಿನ ಜಗಳದಿಂದ ಮಾತು ಬಿಟ್ಟಿದ್ದ ಸಹೋದರರಿಬ್ಬರು ಒಂದು ವರ್ಷ ಬನ್ನಿ ಹಿಡಿದು ಒಬ್ಬರ ಮನೆಗೊಬ್ಬರು ಹೋದದ್ದನ್ನು ನಾವು ಕಂಡಿದ್ದೇವೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದು, ಅಂದರೆ ಉಣ್ಣುವ ಮೊದಲು ಹೊಲಕ್ಕೆ ನೀಡುವುದೇ ಮನನದ ವಸ್ತು. ಪುಷ್ಯದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ರೊಟ್ಟಿ ಹೋಗುವ ಕಾಲಕ್ಕೆ, ರೊಟ್ಟಿ ಬಡಿಯುವ ಕೈಗಳನ್ನೇ ನೆನೆದು ಕೂಡುವುದು. ಬೇಸಿಗೆಯಲ್ಲಿ ಕೆರೆಯ ಹೂಳು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನಾವು ಶಿವಯೋಗಿಯೆಂದೇ ಕರೆಯುತ್ತೇವಷ್ಟೆ. ನಮ್ಮ ತಾಲ್ಲೂಕಿನ ತಲ್ಲೂರು ಕೆರೆಯ ಹೂಳನ್ನು 2017ರಲ್ಲಿ ನಟ ಯಶ್ ಅವರ ಯಶೋಮಾರ್ಗದ ವತಿಯಿಂದ ಎತ್ತಿದ್ದು, 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳ್ತನದಲ್ಲಿ ಹಿರೇಹಳ್ಳ ಹಸನಾದದ್ದು ಜನರ ಕಣ್ಣಮುಂದಿನ ಸಂಗತಿಗಳು. ಅಂಥ ಕೆರೆಹಳ್ಳಗಳನ್ನು ಕಂಡವರಿಗೆ ಮನಸ್ಸಿನ ಹೂಳೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಳೆಗಾಲ. ವಿಶ್ವಸಂಸ್ಥೆ ಗೊತ್ತುಪಡಿಸಿ 2015ರಿಂದ ಆಚರಣೆಯಲ್ಲಿರುವ ಅಂತರರಾಷ್ಟ್ರೀಯ ಯೋಗ ದಿನ ಜೂನ್ 21. ನಮ್ಮ ಪಂಚಾಂಗದಲ್ಲಿ ಆರಿದ್ರಾ ಮಳೆ ಹೂಡುವುದೂ ಆ ದಿನದ ಆಸುಪಾಸಿನಲ್ಲೇ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂಬ ಗಾದೆಯನ್ನು ಕೇಳಿ ಬೆಳೆದ ನಾವು ಆ ವಾರದ ಮನನಕ್ಕೆ ಮಳೆಯನ್ನೇ ಇಟ್ಟುಕೊಂಡಿದ್ದೆವು. 2023ರಲ್ಲಿ ಆ ಮಳೆ ಬಾರದೆ ಹೋಯಿತು. ಅಧಿಕ ಶ್ರಾವಣ ಕಳೆದು ನಿಜ ಶ್ರಾವಣ ಬಂದರೂ ಬಾನು ಬೋಳು. ಆಗಸ್ಟ್ ತಿಂಗಳು ಒಣಗಿಹೋಯಿತು. ಮುಂದೆ ಸರ್ಕಾರವೇ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು.

ಋತುವೇ ಮಾತು ತಪ್ಪಿದಾಗ ಋತುವಿನ ಮನನಕ್ಕೆ ಅರ್ಥವೇನು? ಕೂಟವನ್ನು ನಿಲ್ಲಿಸಿಬಿಡೋಣವೆಂಬ ಮಾತೂ ಬಂದಿತು. ಆ ಶ್ರಾವಣದ ಒಂದು ಬೆಳಗ್ಗೆ, ಎಂದೂ ಮಾತನಾಡದ ಒಕ್ಕಲಿಗ ಸಹೋದರರೊಬ್ಬರು ಮೌನದ ನಡುವೆಯೇ ಎದ್ದು ನಿಂತರು. "ಕಣ್ಣು ಮುಚ್ಚಿದ್ರ ಸಾಕ್ರಿ, ಒಣಗಿದ ಹೆಸರಿನ ಹೊಲಾನ ಕಾಣತೈತಿ. ನಾ ಇನ್ನ ಕಣ್ಣು ಮುಚ್ಚಂಗಿಲ್ಲ" ಎಂದರು. ಯಾರಿಗೂ ಉತ್ತರ ತೋಚಲಿಲ್ಲ. ಮೊದಲು ನಡದ ಮಾತು ಹೇಳಿದ್ದ ಆ ತಾಯಿಯೇ ಅಂದರು: "ಮುಚ್ಚಬ್ಯಾಡ ತಮ್ಮಾ. ಲಿಂಗಾನ ನಾವು ಕಣ್ಣು ತೆರದ ನೋಡ್ತೀವಲ್ಲ."

ಎಷ್ಟು ನಿಜವಾದ ಮಾತು! ಇಷ್ಟಲಿಂಗದ ಅನುಸಂಧಾನ ಕಣ್ಣು ಬಿಗಿದುಕೊಂಡು ಜಗತ್ತಿಗೆ ಬೆನ್ನು ಮಾಡುವುದಲ್ಲ. ಅಂಗೈಯಲ್ಲಿ ಲಿಂಗವನ್ನಿರಿಸಿ, ತೆರೆದ ಕಣ್ಣಿನ ನೋಟವನ್ನು ಅಲ್ಲಿ ನಿಲ್ಲಿಸುವುದು. ಕಣ್ಣು ಮುಚ್ಚಿದರೆ ಕಾಡುವ ದುಃಖವುಳ್ಳವನಿಗೆ ಆ ತೆರೆದ ನೋಟವೇ ಆಸರೆ. ಅಂದಿನಿಂದ ನಮ್ಮ ಕೂಟದಲ್ಲಿ ಲಿಂಗಧಾರಿಗಳು ಲಿಂಗದಲ್ಲಿ, ಉಳಿದವರು ನಡುವೆ ಹಚ್ಚಿಟ್ಟ ದೀಪದಲ್ಲಿ ದೃಷ್ಟಿಯಿಟ್ಟು ಕೂಡುವ ರೂಢಿ ಬಂದಿತು.

ಮನನದಿಂದ ಮಳೆ ಬರಲಿಲ್ಲ, ಸಾಲವೂ ತೀರಲಿಲ್ಲ. ಹಾಗೆಂದು ಯಾರೂ ಭ್ರಮಿಸಿರಲೂ ಇಲ್ಲ. ಆದರೆ ಮೌನದ ಬಳಿಕ ಜನ ಎದ್ದುಹೋಗದೆ ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು. ಮೇವು ಉಳಿದಿದ್ದ ಎರಡು ಮನೆಯವರು ಆ ಸಹೋದರರ ಎತ್ತುಗಳಿಗೆ ಮೇವು ಕೊಟ್ಟರು. ಲೆಕ್ಕಪತ್ರ ಬಲ್ಲ ನಿವೃತ್ತರೊಬ್ಬರು ಬೆಳೆ ವಿಮೆ, ಪರಿಹಾರಗಳ ಕಾಗದಪತ್ರಗಳನ್ನು ಹತ್ತಾರು ಜನರಿಗೆ ತುಂಬಿಕೊಟ್ಟರು. ಕೆಲವು ಕುಟುಂಬಗಳು ಗುಳೆ ಹೋದವು. ಅವರು ಕೂಡುತ್ತಿದ್ದ ಜಾಗವನ್ನು ಹಾಗೆಯೇ ಬಿಟ್ಟು, ಅವರ ಮನೆಯ ವೃದ್ಧರನ್ನು ವಾರಕ್ಕೊಮ್ಮೆಯಾದರೂ ಕಂಡುಬರುವ ಹೊಣೆಯನ್ನು ಕೂಟ ಹೊತ್ತಿತು. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದವರಿಗೆ ಯೋಗದ ಕೂಟ ವೈದ್ಯರಿಗೆ ಬದಲಾಗಲಾರದು. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416 ಪ್ರತಿ ಮನೆಯ ಗೋಡೆಯ ಮೇಲೂ ಬರೆದಿರಲಿ.

ನಮ್ಮ ಕೂಟಕ್ಕೆ ಎಲ್ಲ ಓಣಿಯವರೂ ಬರುತ್ತಾರೆ, ಮುಸಲ್ಮಾನ ಬಂಧುಗಳೂ ಬರುತ್ತಾರೆ. ಬೀಜ, ಮಳೆ, ರೊಟ್ಟಿಗಳು ಎಲ್ಲರ ಮನೆಯವಾದ್ದರಿಂದ ಮನನಕ್ಕೆ ಯಾರೂ ಹೊರಗಿನವರಾಗಲಿಲ್ಲ. ಇದು ಋತುವನ್ನು ಆಯ್ದುಕೊಂಡುದರಿಂದ ದೊರೆತ ದೊಡ್ಡ ಲಾಭವೆಂದೇ ನಮ್ಮ ಭಾವನೆ.

ತಮ್ಮ ಊರಿನಲ್ಲಿ ಇಂಥ ಪ್ರಯತ್ನ ಮಾಡಬಯಸುವ ಬಂಧುಗಳಿಗೆ ಒಂದೇ ಬಿನ್ನಹ. ನಮ್ಮ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಮ್ಮ ಜಿಲ್ಲೆಯದೇ ಆದ ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆಯ ನೀರು, ಭತ್ತದ ಗದ್ದೆ, ನಾಟಿಯ ದಣಿವು. ಅಲ್ಲಿಯವರ ಬೆನ್ನು ಬೇರೆ, ಮನನ ಬೇರೆ. ಮಲೆನಾಡಿನವರಿಗೆ ಮಳೆಯೆಂದರೆ ಕಾಯುವ ವಸ್ತುವಲ್ಲ, ನಿಲ್ಲಲಿ ಎಂದು ಬೇಡುವ ವಸ್ತು. ನಗರದ ಬಹುಮಹಡಿ ಮನೆಗಳಲ್ಲಿರುವವರಿಗೂ ಮಾವು ಬರುವ ತಿಂಗಳು, ನಲ್ಲಿಯಲ್ಲಿ ನೀರು ನಿಲ್ಲುವ ತಿಂಗಳು ಇದ್ದೇ ಇವೆ. ಮೊದಲು ಒಂದು ವಾರ ಸುಮ್ಮನೆ ಕೇಳಿ: ಈಗ ಇಲ್ಲಿಯ ಜನ ಯಾವುದಕ್ಕೆ ದುಡಿಯುತ್ತಿದ್ದಾರೆ, ಅವರ ಮೈಯಲ್ಲಿ ಎಲ್ಲಿ ನೋವಿದೆ, ಮನೆಗಳಲ್ಲಿ ಯಾವ ಚಿಂತೆಯಿದೆ? ಆ ಉತ್ತರಗಳಿಂದ ಆಸನವನ್ನೂ ಮನನವನ್ನೂ ಆರಿಸಿಕೊಳ್ಳಿ. ಕಾಯಕದ ಕಾಲಕ್ಕೆ ತಕ್ಕಂತೆ ಹೊತ್ತನ್ನು ಹೊಂದಿಸಿಕೊಳ್ಳಿ. ಕೊನೆಯ ಹತ್ತು ನಿಮಿಷದ ಮೌನವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ನಿಮ್ಮೂರಿನ ಕೂಟಗಳಲ್ಲಿ ಯಾವ ಋತುವಿಗೆ ಯಾವ ವಸ್ತು ನಡುವೆ ಬಂದು ಕುಳಿತಿತೆಂಬುದನ್ನು ತಿಳಿಯುವ ಕುತೂಹಲ ನಮಗಿದೆ. ಬರೆದು ತಿಳಿಸಿದರೆ ನಮ್ಮ ಮುಂದಿನ ವರ್ಷದ ಮನನಕ್ಕೆ ಅದೊಂದು ಬುತ್ತಿ.